ಎರಡನೆಯ ಗೂಡಿನ ಒಂಬತ್ತನೆಯದು

ಚಾಕಪಾಂಪ, ಮಂತಾರೊ ಕಣಿವೆ
3 ಮಾರ್ಚ್ 1991

ಕೊಮಾದ್ರೆ ಕಸಿಲ್ದಾ,

ನೀನು ಕಳಿಸಿದ ಹದಿನಾರೂ ಜೀವಂತ ಬಂದವು. ಲಿಮಾದಿಂದ ಹತ್ತು ಗಂಟೆ ಬಸ್ಸಿನ ಕೊನೆಯ ಸೀಟಿನ ಕೆಳಗೆ ಕೂತು ಬಂದ ಗಿನಿಹಂದಿಗಳನ್ನು ನೋಡಿ ಅತ್ತೆ ಫೌಸ್ತೀನಾ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಮ್ಮನೇಲಿ ಕುಯ್‌ಗಳಿಗೆ ಬರಗಾಲ ಬಂದಿತ್ತಾ, ಪಟ್ಟಣದಿಂದ ತರ್ಸೋಕೆ?" ಎಂದರು. ಅವರ ಮೂವತ್ತು ಕುಯ್‌ಗಳು ಅಡುಗೆಮನೆಯ ನೆಲದಲ್ಲೇ ಓಡಾಡಿಕೊಂಡಿವೆ. ನಿನ್ನವಕ್ಕೆ ಒಲೆಯ ಆಚೆ ಬದಿಯಲ್ಲಿ ಮಣ್ಣಿನಿಟ್ಟಿಗೆಯ ಎರಡು ಗೂಡು ಕಟ್ಟಿದ್ದೇನೆ. ಒಂದೊಂದರಲ್ಲಿ ಎಂಟು.

ವಿಶ್ವವಿದ್ಯಾಲಯದ ಮುಷ್ಕರ ಮುಗಿಯುವವರೆಗೆ ಕಾಯದೆ ಇಲ್ಲಿಂದಲೇ ಪ್ರಬಂಧ ಮುಗಿಸು ಎಂದೆಯಲ್ಲ, ಮುಗಿಸುತ್ತೇನೆ. ಪ್ರಯೋಗಾಲಯದ ಸಹಾಯಕಿಯ ಕೆಲಸ ಪ್ರಾಧ್ಯಾಪಕರು ನನಗಾಗಿ ಇಟ್ಟಿದ್ದಾರೆ ಎಂದೂ ಬರೆದಿದ್ದೀಯ. ಸಿಕ್ಕರೆ ಎಲ್ಮೆರ್‌ನನ್ನು ಕರೆದುಕೊಂಡು ಬರುತ್ತೇನೆ. ಜ್ಞಾನಸ್ನಾನದ ದಿನ ಅವನನ್ನು ಎತ್ತಿ ಹಿಡಿದು ನನಗೆ ಕೊಮಾದ್ರೆಯಾದವಳು ನೀನು. ಅವನಿಗೀಗ ಒಂಬತ್ತು ತಿಂಗಳು. ಎರಡು ಹಲ್ಲು ಬಂದಿವೆ.

ಮೊದಲ ಗೂಡಿಗೆ ಹೊಟ್ಟು ಮತ್ತು ಹಸಿ ಕುದುರೆಮಸಾಲೆ ಸೊಪ್ಪು. ಎರಡನೆಯದಕ್ಕೆ ಹುರಿದ ಹೊಟ್ಟು, ನೀರು, ಅಷ್ಟೆ. ಇದು ಯಾಕೆ ಎಂದು ಅತ್ತೆ ಕೇಳಿದರು. ಕುಯ್‌ಗೂ ಮನುಷ್ಯರಿಗೂ ಮೈಯೊಳಗೆ ವಿಟಮಿನ್ ಸಿ ಮಾಡಿಕೊಳ್ಳಲು ಬರುವುದಿಲ್ಲ, ಹಸಿರಿನಿಂದ, ಹಣ್ಣಿನಿಂದಲೇ ಬರಬೇಕು ಎಂದೆ. ಚರ್ಮ, ಎಲುಬು, ರಕ್ತನಾಳ ಎಲ್ಲವನ್ನೂ ಹಿಡಿದಿಡುವ ಎಳೆಗಳನ್ನು ಹೊಸೆಯುವ ಒಂದು ಕಿಣ್ವ ಇದೆ. ಅದರ ಹೊಟ್ಟೆಯಲ್ಲೊಂದು ಕಬ್ಬಿಣದ ಕಣ. ಕೆಲಸ ಮಾಡುತ್ತ ಮಾಡುತ್ತ ಅದಕ್ಕೆ ತುಕ್ಕು ಹಿಡಿಯುತ್ತದೆ, ವಿಟಮಿನ್ ಸಿ ಬಂದು ಉಜ್ಜಿ ಬೆಳಗುತ್ತದೆ. ಅದಿಲ್ಲದಿದ್ದರೆ ಕಿಣ್ವ ಇದ್ದಲ್ಲೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಎಷ್ಟು ದಿನಕ್ಕೆ ಎಷ್ಟು ನಿಲ್ಲುತ್ತದೆ ಎಂದು ಅಳೆಯುವುದೇ ನನ್ನ ಓದು ಎಂದೆ.

ಅತ್ತೆ ಎಲ್ಲ ಕೇಳಿಸಿಕೊಂಡರು. "ಅಂದ್ರೆ ಈ ಎಂಟಕ್ಕೆ ಜೈಲು. ತಪ್ಪೇನು ಮಾಡಿದ್ವು ಪಾಪ?"

ತೆಯೋಫಿಲೊನ ಲಾರಿ ನದಿಗೆ ಬಿದ್ದು ನಾಲ್ಕು ತಿಂಗಳಾಯಿತು. ನೀನು ಬರೆದ ಕಾಗದ ಸಿಕ್ಕಿತ್ತು, ಉತ್ತರ ಬರೆಯಲಿಲ್ಲ. ಗಂಡ ಸತ್ತ ವಾರವೇ ಅತ್ತೆ ಮಗುವನ್ನು ನನ್ನ ಎದೆಯಿಂದ ಬಿಡಿಸಿದರು. ದುಃಖ ಸೇರಿದ ಹಾಲು ಮಗುವಿನ ಮೈಗೆ ಇಳಿಯುತ್ತದೆಯಂತೆ. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಓದಿದವಳು, ಬೇಡ ಎನ್ನಬಹುದಿತ್ತು. ಏನೂ ಅನ್ನಿಸಲಿಲ್ಲ. ಈಗ ಡಬ್ಬಿ ಹಾಲು.

ಕರಾವಳಿಯ ಕಾಲರಾ ಕಣಿವೆಗೂ ಹತ್ತಿದೆ ಎಂದು ರೇಡಿಯೊದಲ್ಲಿ ಹೇಳಿದರು. ಕುದಿಸಿ ಕುಡಿಯಿರಿ ಎನ್ನುತ್ತಾರೆ. ಈ ಎತ್ತರದಲ್ಲಿ ನೀರು ಬೇಗ ಕುದಿ ಬರುತ್ತದೆ, ಸಾಕಷ್ಟು ಕಾಯುವುದಿಲ್ಲ. ಅದು ಇಲ್ಲಿಯವರಿಗೆ ಗೊತ್ತಿಲ್ಲ. ಅದಕ್ಕೆ ನಾನು ಎಲ್ಲವನ್ನೂ ನಲವತ್ತು ನಿಮಿಷ ಕುದಿಸುತ್ತೇನೆ. ನೀರು, ಹಾಲು, ಓಟ್ಸ್ ಗಂಜಿ, ಎಲ್ಮೆರ್‌ನ ಕಿತ್ತಳೆ ರಸವನ್ನು ಕೂಡ. ಒಬ್ಬನನ್ನು ಕಳೆದುಕೊಂಡಿದ್ದೇನೆ. ಇವನನ್ನು ಕಳೆದುಕೊಳ್ಳುವುದಿಲ್ಲ.

ನೆಲಿದಾ


ಲಿಮಾ
17 ಮಾರ್ಚ್ 1991

ಕೊಮಾದ್ರೆ,

ಕಾಗದ ಬಂತು. ನಿನ್ನ ಅಕ್ಷರ ನೋಡಿ ಖುಷಿಯಾಯಿತು, ಒಳಗೆ ಏನಿದೆ ಎಂದು ಆಮೇಲೆ ನೋಡಿದೆ.

ನಿನ್ನ ಅತ್ತೆಗೆ ಹೇಳು, ಜೈಲಲ್ಲ, ಸರಕಾರಿ ವಸತಿಗೃಹ. ಊಟ ಕೆಟ್ಟದಾಗಿರುತ್ತದೆ, ಅಷ್ಟೆ.

ಒಂದು ಪ್ರಾಣಿಗೆ ಒಂದು ಹಾಳೆ. ಮೇಲೆ ಸಂಖ್ಯೆ, ಕೆಳಗೆ ತೂಕ, ನಡಿಗೆ, ವಸಡು, ಮುಟ್ಟಿದರೆ ಏನು ಮಾಡುತ್ತದೆ. ನಿನಗೆ ಏನನ್ನಿಸಿತು ಎಂದು ಬರೆಯಬೇಡ, ಕಂಡಿದ್ದನ್ನು ಬರೆ. ಮೊದಲಿನಿಂದಲೂ ನಿನಗೆ ಆ ಚಾಳಿ. 'ಮೂರನೆಯದು ಬೇಸರದಲ್ಲಿದೆ' ಎಂದು ಬರೆದು ಬೈಸಿಕೊಂಡಿದ್ದು ನೆನಪಿದೆಯಾ? ಬೆನ್ನಿನ ಮೇಲೆ ಒಂದೊಂದು ಸಣ್ಣ ಗಾಯ ಮಾಡು. ಇಪ್ಪತ್ತೊಂದನೆಯ ದಿನ ಹೊಸದಾಗಿ ಕೂಡಿಕೊಂಡ ಆ ಗಾಯದಿಂದ ಚರ್ಮದ ಚೂರು ತೆಗೆದು ಐಸ್ ಪೆಟ್ಟಿಗೆಯಲ್ಲಿ ಕಳಿಸು. ಬಸ್ ಚಾಲಕ ಮಾಕ್ಸಿಮೊ ನನಗೇ ತಂದು ಕೊಡುತ್ತಾನೆ.

ಲಾರಿಯ ವಿಷಯ ಏನೆಂದು ಬರೆಯಲಿ. ಮಣ್ಣಿಗೆ ಬರಬೇಕಿತ್ತು. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಾನು ಕೇಳಿರಲಿಲ್ಲ.

ಕಸಿಲ್ದಾ


ಚಾಕಪಾಂಪ
14 ಏಪ್ರಿಲ್ 1991

ಕಸಿಲ್ದಾ,

ಪೆಟ್ಟಿಗೆ ಕಳಿಸಿದ್ದೇನೆ. ಹದಿನಾರು ಚೂರು, ಹದಿನಾರು ಹಾಳೆ. ನಿನಗೆ ಏನನ್ನಿಸಿತು ಎಂದು ಬರೆಯಬೇಡ ಎಂದಿದ್ದೀಯ. ಅದು ಈಗ ಸುಲಭ.

ಎರಡನೆಯ ಗೂಡು ಚುರುಕಾಗಿದೆ. ಇಷ್ಟು ದಿನಕ್ಕೆ ಕೀಲು ಊದಬೇಕಿತ್ತು, ಊದಿಲ್ಲ. ಅಂಗಳದಲ್ಲಿ ಸೊಪ್ಪು ಕೊಯ್ಯುವ ಸದ್ದು ಕೇಳಿದರೆ ಎರಡೂ ಗೂಡಿನವು ಒಂದೇ ಸಮನೆ ಸಿಳ್ಳೆ ಹಾಕುತ್ತವೆ.

ಎಲ್ಮೆರ್ ಆರಾಮ. ಅಂಬೆಗಾಲು ಹಾಕುವುದು ಬಿಟ್ಟಿದ್ದಾನೆ. ಕೂತೇ ಆಡುತ್ತಾನೆ. ಅತ್ತೆ, "ಅಪ್ಪನ ಹಾಗೆ ಸೋಮಾರಿ, ಲಾರಿ ಬಂದ್ರೇ ಹತ್ತೋದು" ಎಂದರು. ಆಮೇಲೆ ಎದ್ದು ಸೌದೆ ತರಲು ಹೋದರು.

ನೆಲಿದಾ


ಲಿಮಾ
2 ಮೇ 1991

ನೆಲಿದಾ,

ಎರಡು ಸಲ ಕರೆಂಟು ಹೋಗಿ, ಮೂರನೆಯ ಸಲ ಅಳೆದೆ. ಎರಡೂ ಗೂಡಿನ ಕಿಣ್ವ ಒಂದೇ ಸಮ ಕೆಲಸ ಮಾಡುತ್ತಿದೆ. ಎರಡನೆಯದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿರಬೇಕಿತ್ತು. ಐದನೆಯ ಪ್ರಾಣಿಯದಂತೂ ಮೊದಲ ಗೂಡಿನವಕ್ಕಿಂತ ಚೆನ್ನಾಗಿದೆ.

ಚೂರುಗಳ ಸಂಖ್ಯೆಯ ಚೀಟಿಗಳನ್ನು ಅದಲುಬದಲು ಮಾಡಿದ್ದೀಯ, ಇಲ್ಲವೆ ಯಾರೋ ಅವಕ್ಕೆ ತಿನ್ನಿಸುತ್ತಿದ್ದಾರೆ, ಇಲ್ಲವೆ ನೀನು ನೋಡದೆಯೇ ಹಾಳೆ ತುಂಬಿಸಿದ್ದೀಯ. ಮೂರನೆಯದು ಅಲ್ಲ ಎಂದು ಬರೆ. ಪ್ರಾಧ್ಯಾಪಕರು ಕೇಳಿದರು, ನಾನು ಐಸ್ ಕರಗಿತ್ತು ಎಂದು ಸುಳ್ಳು ಹೇಳಿದ್ದೇನೆ. ಎರಡನೆಯ ಸಲ ಹೇಳುವುದಿಲ್ಲ.

ಕಸಿಲ್ದಾ


ಚಾಕಪಾಂಪ
12 ಮೇ 1991

ಕಸಿಲ್ದಾ,

ಮೂರನೆಯದು ಅಲ್ಲ.

ನಿನ್ನ ಕಾಗದ ಓದಿ ಎರಡನೆಯ ಗೂಡಿನ ಹುಲ್ಲುಹಾಸು ಎತ್ತಿ ನೋಡಿದೆ. ಕೆಳಗೆ ಎಲೆಕೋಸಿನ ದಂಟು, ಜೋಳದ ಹಸಿ ಸಿಪ್ಪೆ, ಕಿತ್ತಳೆ ಸಿಪ್ಪೆ. ಅತ್ತೆ ಒಲೆಯ ಮುಂದೆ ಆಲೂಗಡ್ಡೆ ಹೆರೆಯುತ್ತಿದ್ದರು. ಕೇಳಿದೆ.

"ಹ್ಞೂ, ಹಾಕ್ದೆ. ಏನೀಗ?"

"ಇವಕ್ಕೆ ಹಸಿ ಹಾಕಬಾರ್ದು ಅಂತ ಹೇಳಿದ್ನಲ್ಲ ಅತ್ತೆ."

"ನೀನು ನಂಗೆ ಹೇಳ್ದೆ. ಅವು ನನ್ನ ಕರೆದ್ವು. ಅಡುಗೆಮನೇಲಿ ಕುಯ್ ಸಿಳ್ಳೆ ಹಾಕ್ದಾಗ ಕೈಯಲ್ಲಿ ಸೊಪ್ಪಿಟ್ಕೊಂಡು ಆ ಕಡೆ ಮುಖ ತಿರುಗ್ಸೋಕೆ ನಮ್ಮಮ್ಮ ನಂಗೆ ಕಲಿಸ್ಲಿಲ್ಲ ಇಂಜಿನಿಯರಮ್ಮಾ."

"ನನ್ನ ಕೆಲಸ ಹೋಗತ್ತೆ."

"ಇನ್ನೂ ಸಿಕ್ಕಿಲ್ವಲ್ಲ, ಹೋಗೋದೆಲ್ಲಿಂದ?" ಎಂದು ಚಾಕು ಕೆಳಗಿಟ್ಟರು. "ಐದನೇದು ಬಸುರಿ ಇರ್ಬೇಕು ಅನ್ಕೊಂಡು ಅದಕ್ಕೆ ಒಂಚೂರು ಜಾಸ್ತಿ ಹಾಕ್ದೆ. ಗಂಡು ಅಂತ ಆಮೇಲೆ ಗೊತ್ತಾಯ್ತು."

ಇಂಥದಕ್ಕೆ ಮುಂಚೆ ನಾವಿಬ್ಬರೂ ಎಷ್ಟು ನಗುತ್ತಿದ್ದೆವು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಿಪ್ಪೆಗಳನ್ನು ಆರಿಸಿ ಒಲೆಗೆ ಹಾಕಿದೆ.

ಮತ್ತೆ ಮೊದಲಿನಿಂದ ಶುರು ಮಾಡಲೇ? ತಂತಿಯ ಮುಚ್ಚಳಕ್ಕೆ ಹೇಳಿದ್ದೇನೆ.

ನೆಲಿದಾ


ಲಿಮಾ
24 ಮೇ 1991

ಕೊಮಾದ್ರೆ,

ಶುರು ಮಾಡು. ಕಳೆದ ಕಾಗದದಲ್ಲಿ ಬರೆದದ್ದನ್ನು ಮರೆತುಬಿಡು. ಕೆಲಸದ ವಿಷಯ ಯೋಚಿಸಬೇಡ, ಅದು ಇದ್ದೇ ಇದೆ. ಬೀಗ ಹಾಕು.

ಎಲ್ಮೆರ್‌ನ ಬಗ್ಗೆ ಒಂದು ಸಾಲು ಬರೆಯುತ್ತೀಯ, ಅದರಲ್ಲಿ ಅರ್ಧ ನಿನ್ನ ಅತ್ತೆಯದು. ನಿಂತನೇ? ನನ್ನ ಕಡೆಯಿಂದ ಅವನ ಕಾಲು ಹಿಡಿದು ಜಗ್ಗು.

ಕಸಿಲ್ದಾ


ಚಾಕಪಾಂಪ
23 ಜೂನ್ 1991

ಕಸಿಲ್ದಾ,

ಮೇ 27ಕ್ಕೆ ಬೀಗ ಹಾಕಿದೆ. ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡೆ. ಇವತ್ತಿಗೆ ಇಪ್ಪತ್ತೆಂಟು ದಿನ. ಈ ಸಲ ಪುಸ್ತಕದಲ್ಲಿ ಇದ್ದಂತೆಯೇ ಆಗುತ್ತಿದೆ. ಎರಡನೆಯ ಗೂಡು ಈಗ ಸಿಳ್ಳೆ ಹಾಕುವುದಿಲ್ಲ. ಹಾಳೆಗಳನ್ನು ಪೆಟ್ಟಿಗೆಯ ಜೊತೆ ಇಟ್ಟಿದ್ದೇನೆ.

ಒಂದು ತಪ್ಪಾಗಿದೆ. ಐದನೆಯ ಪ್ರಾಣಿ ಹೋಯಿತು. ಎಲ್ಮೆರ್‌ಗೆ ಹಲ್ಲು ಬರುತ್ತಿವೆ, ಸ್ವಲ್ಪ ಕಿರಿಕಿರಿ ಮಾಡುತ್ತಾನೆ. ಆರೋಗ್ಯ ಕೇಂದ್ರದ ನರ್ಸ್ ಕೂಡ ಹಲ್ಲೇ ಎಂದಳು. ಆದರೆ ಅತ್ತೆಗೆ ಕುಯ್‌ನಿಂದ ನೋಡಿಸಲೇಬೇಕು. ನಿನಗೆ ಗೊತ್ತಲ್ಲ, ರೋಗಿಯ ತಲೆಯಿಂದ ಪಾದದವರೆಗೆ ಜೀವಂತ ಕುಯ್ ಉಜ್ಜಿ, ಆಮೇಲೆ ಅದನ್ನು ಬಿಚ್ಚಿ ನೋಡುವುದು. ರೋಗ ಎಲ್ಲಿದೆಯೋ ಕುಯ್‌ನ ಮೈಯಲ್ಲೂ ಅಲ್ಲೇ ಕಾಣುತ್ತದೆ ಎಂಬ ನಂಬಿಕೆ. ನನಗೆ ರಾತ್ರಿ ನಿದ್ದೆ ಇಲ್ಲ. ಗುರುವಾರ ಮಧ್ಯಾಹ್ನ ಅಂಗಳದ ಬಿಸಿಲಿಗೆ ಕಣ್ಣು ಹತ್ತಿತ್ತು. ಎಚ್ಚರವಾದಾಗ ಕೊರಳಲ್ಲಿ ಕೀಲಿ ಇರಲಿಲ್ಲ. ಒಳಗೆ ಎಲ್ಮೆರ್ ಕಿರುಚುತ್ತಿದ್ದ.

ಹೋಗಿ ನೋಡಿದರೆ ಆಗಲೇ ಬೋಗುಣಿಯ ನೀರಿನಲ್ಲಿ ಐದನೆಯದನ್ನು ಬಿಚ್ಚಿ ಇಟ್ಟಿದ್ದರು.

"ನಿನ್ನ ಗೂಡಿಂದೇ ಯಾಕೆ ಅಂತ ಕೇಳ್ಬೇಡ. ಇದು ಅವನ ಕಡೇನೇ ನೋಡ್ತಾ ಕೂತಿರ್ತಿತ್ತು," ಎಂದರು. ಬೆರಳಿನಿಂದ ತೋರಿಸಿದರು. "ನೋಡು, ಮೊಣಕಾಲಲ್ಲಿ ರಕ್ತ ಕಟ್ಟಿದೆ, ಎರಡೂ ಕಡೆ. ವಸಡು ನೋಡು. ಮಗೂಗೂ ಇಲ್ಲೇ ಇರೋದು."

"ಅತ್ತೆ, ಅದು ಮಗೂದಲ್ಲ. ನಾಲ್ಕು ವಾರದಿಂದ ಹಸಿ ಹಾಕದೇ ನಾನೇ ಹಾಗೆ ಮಾಡಿರೋದು. ಆ ಗೂಡಲ್ಲಿ ಯಾವುದನ್ನ ಬಿಚ್ಚಿದ್ರೂ ಮೊಣಕಾಲಲ್ಲಿ ರಕ್ತಾನೇ ಇರತ್ತೆ."

ಅವರು ಕೈ ತೊಳೆದುಕೊಂಡರು. "ಆಯ್ತು, ನೀನೇ ಮಾಡಿದ್ದು. ಮಗೂಗೆ ಉಣ್ಸೋದು ಯಾರು ಮತ್ತೆ? ನಾನಾ?"

ಅವರ ಮಾತು ಯಾವಾಗಲೂ ಹೀಗೇ, ಚುಚ್ಚದೆ ಮುಗಿಯುವುದಿಲ್ಲ. ಒಂದು ಪ್ರಾಣಿ ಕಡಿಮೆ ಎಂದು ಪ್ರಾಧ್ಯಾಪಕರಿಗೆ ನೀನೇ ಹೇಳಬೇಕು. ಇಲ್ಲಿ ಉಳಿದದ್ದೆಲ್ಲ ಸರಿಯಾಗಿದೆ. ಕುದಿಸುತ್ತಿದ್ದೇನೆ.

ನೆಲಿದಾ

[ಹಾಳೆ]
ಗೂಡು 2, ಪ್ರಾಣಿ 3
22 ಜೂನ್. ತೂಕ 540, ಇಳಿದಿದೆ. ಮೂಲೆಯಲ್ಲಿ ಕೂತಿದೆ. ನಡೆಯುವುದಿಲ್ಲ. ಹಿಂಗಾಲಿನ ಕೀಲು ಊದಿದೆ. ಮುಟ್ಟುವ ಮೊದಲೇ ಕಿರುಚುತ್ತದೆ. ವಸಡು ಕೆಂಪು. ಹೊಟ್ಟು ಅರ್ಧ ಬಿಟ್ಟಿದೆ.

[ಹಾಳೆ]
22 ಜೂನ್. ತೂಕ 7100, ಎರಡು ತಿಂಗಳಿಂದ ಏರಿಲ್ಲ. ಕಾಲು ಮಡಚಿ ಅಗಲಿಸಿ ಮಲಗಿದೆ, ಕದಲಿಸುವುದಿಲ್ಲ. ಮೊಣಕಾಲಿನ ಮೇಲೆ ಊತ. ಹತ್ತಿರ ಹೋದರೆ ಮುಟ್ಟುವ ಮೊದಲೇ ಕಿರುಚುತ್ತದೆ. ಮೇಲಿನ ವಸಡು ನೇರಳೆ, ಒತ್ತಿದರೆ ರಕ್ತ. ಗಂಜಿ ಅರ್ಧ ಬಿಟ್ಟಿದೆ.


ಲಿಮಾ
28 ಜೂನ್ 1991
ಮಾಕ್ಸಿಮೊನ ಕೈಯಲ್ಲಿ

ನೆಲಿದಾ,

ಈ ಕಾಗದ ಓದಿ ಮುಗಿಸುವ ಮೊದಲು ಒಂದು ಕಿತ್ತಳೆ ತಗೋ. ಸಿಪ್ಪೆ ತೊಳೆ, ಕೈ ತೊಳೆ, ಹಿಂಡು, ಎಲ್ಮೆರ್‌ಗೆ ಚಮಚದಲ್ಲಿ ಕುಡಿಸು. ಕುದಿಸಬೇಡ. ಬಿಸಿ ಕೂಡ ಮಾಡಬೇಡ. ತೊಳೆದು ಸುಲಿದ ಕಿತ್ತಳೆಯ ಒಳಗೆ ಕಾಲರಾ ಬಂದು ಕೂತಿರುವುದಿಲ್ಲ. ಕುಡಿಸಿ ಆಮೇಲೆ ಓದು.

ನಿನ್ನೆ ಎರಡನೆಯ ಗೂಡಿನ ಹಾಳೆಗಳನ್ನು ಪಟ್ಟಿಗೆ ಏರಿಸುತ್ತಿದ್ದೆ. ಒಂದು ಹಾಳೆಗೆ ಸಂಖ್ಯೆ ಇರಲಿಲ್ಲ. ನೀನು ಮರೆತಿದ್ದೀಯ ಎಂದುಕೊಂಡೆ. ತೂಕ 7100 ಎಂದಿತ್ತು. ಕೈತಪ್ಪಿ ಒಂದು ಸೊನ್ನೆ ಹೆಚ್ಚು ಹಾಕಿದ್ದೀಯ ಎಂದು ಹೊಡೆದು ಹಾಕಿ 710 ಮಾಡಿದೆ. ಎಂಟರವರೆಗಿನ ಸಂಖ್ಯೆ ಮುಗಿದಿತ್ತು, ಒಂಬತ್ತನೆಯ ಪ್ರಾಣಿ ಎಂದು ಬರೆದೆ. ಕೊನೆಯ ಅಂಕಣದಲ್ಲಿ 'ಕೊರತೆ ತೀವ್ರ, ಒಂದು ವಾರ ಉಳಿಯಬಹುದು' ಎಂದು ಬರೆದು, ಎದ್ದು ಹೋಗಿ ಕಾಫಿ ಕುಡಿದೆ.

ಕಾಫಿ ಕುಡಿಯುವಾಗ ನೆನಪಾಯಿತು. ಆ ಗೂಡಿನಲ್ಲಿ ಇರುವುದು ಎಂಟು. ಒಂದು ಹೋಗಿದೆ ಎಂದು ನೀನೇ ಬರೆದಿದ್ದೀಯ. ಏಳು ಹಾಳೆ ಬರಬೇಕಿತ್ತು, ಎಂಟು ಬಂದಿವೆ. ಕುಯ್‌ಗೆ ಯಾರೂ ಗಂಜಿ ಕೊಡುವುದಿಲ್ಲ.

ಆ ಹಾಳೆಯನ್ನು ನೀನು ಬೇಕೆಂದು ಕಳಿಸಿದೆಯೋ ಇಲ್ಲವೋ ತಿಳಿಯದು. ಕಾಗದದಲ್ಲಿ ಹಲ್ಲು ಎಂದು ಬರೆದಿದ್ದೀಯ, ಕಿರಿಕಿರಿ ಎಂದು ಬರೆದಿದ್ದೀಯ. ಕಾಲು ಕದಲಿಸದ್ದು ಕಂಡು ಪೋಲಿಯೊ ಇರಬಹುದೆಂದು ಹೆದರಿ ಯಾರಿಗೂ ಹೇಳದೆ ಒಬ್ಬಳೇ ತೂಗಿ ಬರೆದಿಟ್ಟುಕೊಳ್ಳುತ್ತಿದ್ದೆ ಅಲ್ಲವೇ. ಅದು ಪೋಲಿಯೊ ಅಲ್ಲ. ನಿನ್ನ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡು. ಒಂದೇ ಹಾಳೆ. ನಲವತ್ತು ನಿಮಿಷ ಕುದಿಸಿದರೆ ಕಿತ್ತಳೆಯಲ್ಲಿ ಏನು ಉಳಿಯುತ್ತದೆ ಎಂದು ಮೊದಲ ವರ್ಷದಲ್ಲಿ ನನಗೆ ಹೇಳಿಕೊಟ್ಟವಳು ನೀನು. ಡಬ್ಬಿ ಹಾಲಿನಲ್ಲಿ ವಿಟಮಿನ್ ಸಿ ಮೊದಲೇ ಇರುವುದಿಲ್ಲ. ನಾಳೆಯೇ ಹುವಾಂಕಾಯೊ ಆಸ್ಪತ್ರೆಗೆ ಹೋಗಿ ಮೊಣಕಾಲಿನ ಎಕ್ಸ್‌ರೇ ತೆಗೆಸು, ಆದರೆ ಅದಕ್ಕಾಗಿ ರಸ ಕುಡಿಸುವುದನ್ನು ತಡಮಾಡಬೇಡ. ಕಾಲು ಜಗ್ಗು ಎಂದು ನಾನು ಬರೆದಿದ್ದೆ. ನೀನು ಜಗ್ಗಿರಲಿಲ್ಲ ತಾನೆ.

ಬಚ್ಚಿಟ್ಟದ್ದು ನನ್ನದೂ ಒಂದಿದೆ. ಕೆಲಸವನ್ನು ಏಪ್ರಿಲ್‌ನಲ್ಲೇ ಬೇರೆಯವರಿಗೆ ಕೊಟ್ಟರು. ನಿನಗೆ ಹೇಳಿದರೆ ನೀನು ಬರೆಯುವುದನ್ನೇ ನಿಲ್ಲಿಸುತ್ತೀಯ ಎಂದು ಹೆದರಿದೆ. ನಿನ್ನಿಂದ ನನಗೆ ಬರುತ್ತಿದ್ದದ್ದು ಆ ಹಾಳೆಗಳಷ್ಟೆ. ಬೀಗ ಹಾಕು ಎಂದದ್ದು ಅದಕ್ಕೆ. ಗೂಡು ತೆಗೆ. ಎಲ್ಲಕ್ಕೂ ಸೊಪ್ಪು ಹಾಕು.

ಮಾಕ್ಸಿಮೊ ಉತ್ತರಕ್ಕೆ ಕಾಯುತ್ತಾನೆ. 'ಕುಡಿದ' ಎಂದು ಒಂದು ಪದ ಬರೆದು ಕಳಿಸು.

ಕಸಿಲ್ದಾ


29 ಜೂನ್

ಕುಡಿದ.


ಚಾಕಪಾಂಪ
14 ಜುಲೈ 1991

ಕೊಮಾದ್ರೆ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಮೊದಲ ಸಾಲು ಓದಿ ಕಿತ್ತಳೆ ಹುಡುಕಿದೆ. ಇದ್ದದ್ದು ನಾಲ್ಕು. ಸಿಪ್ಪೆ ತೊಳೆದೆ, ಕೈ ತೊಳೆದೆ. ಅತ್ತೆ ಬಂದು ಹಣ್ಣು ಕಿತ್ತುಕೊಂಡು ತಾವೇ ಹಿಂಡಿದರು. "ಏನಂತೆ ನಿನ್ನ ಕೊಮಾದ್ರೆ?" ಎಂದರು. ಎರಡನೆಯ ಗೂಡಿನ ರೋಗವೇ ಮಗುವಿಗೂ ಬಂದಿದೆ ಎಂದೆ.

ಬೈಯುತ್ತಾರೆ ಎಂದುಕೊಂಡೆ. ಚಮಚ ನನ್ನ ಕೈಗೆ ಕೊಟ್ಟು ಎಲ್ಮೆರ್‌ನ ತಲೆ ಹಿಡಿದುಕೊಂಡರು. ಅವನು ಮುಖ ಹಿಂಡಿದ. ಹಸಿ ಕಿತ್ತಳೆಯ ರುಚಿ ಹೇಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಎರಡನೆಯ ದಿನ ಸಂಜೆ ಬಟ್ಟೆ ಬದಲಿಸುವಾಗ ಕಿರುಚಲಿಲ್ಲ. ನಾಲ್ಕನೆಯ ದಿನ ಎಡಗಾಲು ತಾನಾಗಿ ಚಾಚಿದ. ಎಕ್ಸ್‌ರೇ ನೋಡಿದ ಮುದಿ ಡಾಕ್ಟರು, ಇಂಥದನ್ನು ಓದುವಾಗ ಚಿತ್ರದಲ್ಲಿ ಮಾತ್ರ ನೋಡಿದ್ದೆ ಎಂದು ಇನ್ನಿಬ್ಬರನ್ನು ಕರೆದು ತೋರಿಸಿದರು. ತಾಯಿ ಓದಿದ್ದಾರೆಯೇ ಎಂದು ಅವರಲ್ಲೊಬ್ಬ ಕೇಳಿದ. ಓದಿದ್ದೇನೆ ಎಂದೆ. ಯಾವ ವಿಷಯ ಎಂದು ಕೇಳಲಿಲ್ಲ.

ಹಾಳೆ ಬೇಕೆಂದು ಕಳಿಸಿದ್ದಲ್ಲ. ಬೇಡವೆಂದು ಬೇರೆ ಇಟ್ಟುಕೊಂಡದ್ದೂ ಅಲ್ಲ. ದಿನವೂ ಬೆಳಿಗ್ಗೆ ಎರಡನೆಯ ಗೂಡಿನ ಹಾಳೆಗಳನ್ನು ಬರೆದ ಮೇಲೆ ಅದೇ ಪೆನ್ನಿನಿಂದ ಅವನದನ್ನೂ ಬರೆಯುತ್ತಿದ್ದೆ. ಅವನ ವಸಡಿನ ಮೇಲೆ ಬೆರಳು ಒತ್ತಿ, ರಕ್ತ ನೋಡಿ, ಬರೆದು, ಆ ಹಾಳೆಗಳ ಜೊತೆಗೇ ಸೇರಿಸಿಟ್ಟು, ಹಾಲು ಕುದಿಯಲು ಇಟ್ಟಿದ್ದೇನೆ. ಕಾಣಲಿಲ್ಲ ಎನ್ನಲಾರೆ. ಎಲ್ಲ ಕಂಡಿತ್ತು, ಕಂಡಿದ್ದನ್ನೇ ಬರೆದಿದ್ದೆ. ಅತ್ತೆ ಬೋಗುಣಿಯ ಮುಂದೆ ಕೂತು ಹೇಳಿದಾಗಲೂ, ಕುಯ್‌ಗೆ ಯಾಕೆ ಹಾಗಾಯಿತು ಎಂದು ನಾನು ಎಷ್ಟು ಸರಿಯಾಗಿ ವಿವರಿಸಿದೆ.

ಬೀಗ ಅವತ್ತೇ ತೆಗೆದೆ. ಆ ರಾತ್ರಿ ಎರಡು ಸತ್ತವು, ಐದು ಉಳಿದಿವೆ. ಪ್ರಬಂಧ ಇಲ್ಲ. ಕೆಲಸದ ವಿಷಯ ಓದಿದೆ. ಅದಕ್ಕೆ ಏನನ್ನಿಸಬೇಕೋ ಅದು ಇನ್ನೂ ಬಂದಿಲ್ಲ, ಬಂದಾಗ ಬರೆಯುತ್ತೇನೆ. ಬರೆಯುವುದು ನಿಲ್ಲಿಸುವುದಿಲ್ಲ.

ಐಸ್ ಪೆಟ್ಟಿಗೆ ವಾಪಸು ಕಳಿಸುತ್ತಿದ್ದೇನೆ. ಒಳಗೆ ಚೀಸ್ ಇಟ್ಟವರು ಅತ್ತೆ. "ಆ ಹುಡುಗಿಗೆ ಬರಿ, ಲೆಕ್ಕ ಬರೋ ಕೊಮಾದ್ರೆ ಸಿಕ್ಕಿದ್ದು ಪುಣ್ಯ. ಎಂಟು ಯಾವ್ದು, ಒಂಬತ್ತು ಯಾವ್ದು ಅಂತ ಗೊತ್ತಿದೆಯಲ್ಲ," ಎಂದರು. ಆಮೇಲೆ, "ಎದೆಹಾಲು ಬಿಡ್ಸಿದ್ದು ನಾನು. ಅದನ್ನೂ ಬರಿ," ಎಂದರು. ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಎಲ್ಮೆರ್ ಅತ್ತ. ನಾನು ಹಾಳೆ, ಪೆನ್ನು ಹುಡುಕಿದೆ, ಅಭ್ಯಾಸ. ಕಾಲು ಯಾರೂ ಮುಟ್ಟಿರಲಿಲ್ಲ. ಅತ್ತೆ ಸೊಪ್ಪಿನ ಕಟ್ಟು ಹಿಡಿದು ಒಳಗೆ ಬಂದಿದ್ದರು. ಎರಡನೆಯ ಗೂಡಿನ ಐದೂ ಸಿಳ್ಳೆ ಹಾಕಿದವು. ಅವರು ಇವನ ಕಿತ್ತಳೆ ಪಕ್ಕಕ್ಕಿಟ್ಟು ಮೊದಲು ಅವಕ್ಕೆ ಹಾಕಿದರು. ಅದಕ್ಕೇ ಅಳು. ಗೂಡಿನ ಇಟ್ಟಿಗೆ ಹಿಡಿದು ಮಂಡಿಯ ಮೇಲೆ ಎದ್ದು, ಒಳಗೆ ನೋಡುತ್ತ, ಅವುಗಳಿಗಿಂತ ಜೋರಾಗಿ ಕೂಗಿದ.

ಹಾಳೆಯ ಮೇಲೆ ಅವನ ಹೆಸರು ಬರೆದೆ. ಕೆಳಗೆ 'ಸಿಟ್ಟಿನಲ್ಲಿದ್ದಾನೆ' ಎಂದು ಬರೆದೆ.

ನೆಲಿದಾ